ಮಾವನ ಊರುಗೋಲಿನ ಜೀರ್ಣೋದ್ಧಾರ

"ಇನ್ನ ಮ್ಯಾಲ ಈ ಮನಿಯಾಗಿಂದು ಒಂದು ಮೊಳಿ ಸೈತ ರಿಪೇರಿಗಂತ ಹೊಸ್ತಲಾ ದಾಟಂಗಿಲ್ಲ!"

ಬಲಗೈಯಲ್ಲಿ ಸ್ಕ್ರೂಡ್ರೈವರ್ ಎತ್ತಿ ಹಿಡಿದು, ಗೋಕಾಕದ ತನ್ನ ಮನೆಯ ಪಡಸಾಲೆಯಲ್ಲಿ ನಿಂತು ಶಿದ್ರಾಮ ಹೀಗೆ ಘೋಷಿಸಿದಾಗ, ಆ ಐತಿಹಾಸಿಕ ಕ್ಷಣಕ್ಕೆ ಸಾಕ್ಷಿಯಾಗಿ ಇದ್ದವಳು ಹೆಂಡತಿ ಸುವರ್ಣಾ ಒಬ್ಬಳೇ. ಅವಳು ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಜಂಪರಿಗೆ ಹುಕ್ಕು ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಅದಂತೂ ಖರೆ. ನೀವು ಬಡದ ಮೊಳಿ ಎಲ್ಲಿ ದಾಟತೈತ್ರಿ? ಮೊಳಿ ಗ್ವಾಡಿ ಬಿಡಂಗಿಲ್ಲ. ಗ್ವಾಡಿನ ಮೊಳಿ ಬಿಟ್ಟು ಕೆಳಗ ಬೀಳತೈತಿ."

ಶಿದ್ರಾಮ ನೊಂದುಕೊಳ್ಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲವಲ್ಲ! ಘಟಪ್ರಭಾದ ಒಂದು ಬೀಜದಂಗಡಿಯಲ್ಲಿ ಹಗಲೆಲ್ಲ ಕೂತು ಬಿಲ್ಲು ಬರೆಯುವವನು ಅವನು. ಆದರೆ ಸಂಜೆಯ ಬಸ್ಸು ಹಿಡಿದು ಮನೆಗೆ ಬಂದು ಮೊಬೈಲು ತೆರೆದನೆಂದರೆ ಬೇರೆಯೇ ಮನುಷ್ಯ. ಆ ಪುಟ್ಟ ಪರದೆಯೊಳಗೆ ಯಾವುದೋ ದೇಶದ ಗಡ್ಡದವನೊಬ್ಬ, ಒಂದು ಮಾತೂ ಆಡದೆ, ತುಕ್ಕು ಹಿಡಿದ ಕುಡುಗೋಲನ್ನು ಕನ್ನಡಿ ಮಾಡುತ್ತಿದ್ದ. ಕಾಲು ಮುರಿದ ಕುರ್ಚಿಯನ್ನು ಸಿಂಹಾಸನ ಮಾಡುತ್ತಿದ್ದ. ನೋಡಿ ನೋಡಿ ಶಿದ್ರಾಮನ ಬೆರಳುಗಳು ತುರಿಸತೊಡಗಿದ್ದವು.

ತುರಿಕೆಯ ಫಲಗಳು ಮನೆಯ ತುಂಬ ಇದ್ದವು. ಅವನು ರಿಪೇರಿ ಮಾಡಿದ ಮಿಕ್ಸರು ಕೂಸಿನ ಹಾಗೆ ಮಗ್ಗುಲಿಗೆ ಮಲಗಿಸಿದರೆ ಮಾತ್ರ ತಿರುಗುತ್ತಿತ್ತು. ಬಚ್ಚಲಿನ ನಳ ತಿರುವಿದರೆ ನಿಲ್ಲುತ್ತಿತ್ತು, ಬಂದ್ ಮಾಡಿದರೆ ಸುರಿಯುತ್ತಿತ್ತು. ಪಡಸಾಲೆಯ ಫ್ಯಾನು ಗಾಳಿಯನ್ನೆಲ್ಲ ಮೇಲಕ್ಕೆ ಬೀಸುತ್ತಿದ್ದುದರಿಂದ ಆ ವರ್ಷದ ಬೇಸಿಗೆಯನ್ನು ಆ ಮನೆಯಲ್ಲಿ ಸುಖವಾಗಿ ಕಳೆದವು ಎಂದರೆ ಜಂತಿಯ ಮೇಲಿನ ಹಲ್ಲಿಗಳು ಮಾತ್ರ.

ಇಂಥ ಮನೆಗೆ, ಇಂಥ ಹೊತ್ತಿನಲ್ಲಿ, ಮೂಡಲಗಿಯಿಂದ ಮಾವ ಬೀರಸಿದ್ದಪ್ಪ ಬಂದ. ಜೊತೆಗೆ ಅವನ ಊರುಗೋಲೂ ಬಂತು.

ಬೀರಸಿದ್ದಪ್ಪ ಒಂದು ಕಾಲಕ್ಕೆ ಕುರಿ ಹಿಂಡು ಹೊಡೆದುಕೊಂಡು ನದಿ ದಾಟಿ ನದಿ ತಿರುಗಿದವನು. ಈಗ ಮೊಣಕಾಲು ಮುಷ್ಕರ ಹೂಡಿತ್ತು. ಮಗ ಮಾಲಿಂಗ ಅವನನ್ನು ಜೀಪಿನಲ್ಲಿ ಘಟಪ್ರಭಾದ ದವಾಖಾನೆಗೆ ತೋರಿಸಿ, ತಿರುಗಿ ಹೋಗುವಾಗ ತಂಗಿಯ ಮನೆಯಲ್ಲಿ ಚಹಾ ಕುಡಿಯಲು ನಿಲ್ಲಿಸಿದ್ದ. ಕೋಲು ಬಾರಿ ಗಿಡದ, ಅಂದರೆ ಬೋರೆಯ ಕಟ್ಟಿಗೆಯದು. ಕುರಿ ಮೇಯುವಾಗ ಬಂಡೆಯ ಮೇಲೆ ಕೂತು ಬೀರಸಿದ್ದಪ್ಪ ತಾನೇ ಕೆತ್ತಿದ್ದು. ಹಿಡಿಕೆ ಒಂದು ಟಗರಿನ ತಲೆ. ಅಂಗೈ ಆಡಿ ಆಡಿ ಅದರ ನೆತ್ತಿ ಹೊಳೆಯೊಳಗಿನ ಕಲ್ಲಿನ ಹಾಗೆ ನುಣುಪಾಗಿತ್ತು. ಅದರ ಕೆಳಗೆ ಮೈಸುತ್ತಿ ಇಳಿಯುವ ಒಂದು ಬಳ್ಳಿ, ಬಳ್ಳಿಯ ಎಲೆಗಳ ನಡುವೆ ಒಂದರ ಹಿಂದೊಂದು ಕುರಿಗಳು, ಎಲ್ಲಕ್ಕಿಂತ ಕೊನೆಗೆ ನಿಂತು ಹಿಂದಕ್ಕೆ ತಿರುಗಿ ನೋಡುತ್ತಿರುವ ಒಂದು ಮರಿ. ಟಗರಿನ ಮೂಗಿನ ಮೇಲೊಂದು ಗೀರು, ಎಂದೋ ಚಾಕು ಜಾರಿದ್ದು.

ಆ ಟಗರಿನ ಕುತ್ತಿಗೆಯ ಕೆಳಗೆ ಈಗ ಕೂದಲೆಳೆಯಂಥ ಒಂದು ಸೀಳು ಬಿಟ್ಟಿತ್ತು.

"ಅಳ್ಯಾರ," ಎಂದ ಬೀರಸಿದ್ದಪ್ಪ ಬಸಿಯಲ್ಲಿ ಚಹಾ ಆರಿಸುತ್ತ, "ಯಾರರೆ ಇದ್ರ ಇದಕ್ಕೊಂದು ತಂತಿ ಸುತ್ತಿಸಿ ಇಡ್ರಿ. ಅಷ್ಟ ಸಾಕು. ಬರೂ ಆಯಿತಾರ ಹುಕ್ಕೇರಿಗೆ ಹೋಗೂದೈತಿ."

ಹುಕ್ಕೇರಿಯ ವಿಷಯ ಮನೆಯವರಿಗೆಲ್ಲ ಗೊತ್ತಿದ್ದದ್ದೇ. ಮಾಲಿಂಗನ ಮಗಳು ಸುಮನ್‌ಗೆ ಅಲ್ಲಿಯ ವರ. ಹುಡುಗ ಹುಡುಗಿ ಒಪ್ಪಿಯಾಗಿತ್ತು. ಹಿರಿಯರು ಕೂತು ಮಾತು ಮುಗಿಸಿ, ಸಕ್ಕರೆ ಹಂಚುವುದೊಂದೇ ಬಾಕಿ.

"ಯಪ್ಪಾ, ನಿನ್ನ ಕೈ ನಾ ಹಿಡಕೊಂಡು ಹೋಗತೇನಲ್ಲ," ಎಂದ ಮಾಲಿಂಗ.

ಬೀರಸಿದ್ದಪ್ಪ ಬಸಿ ಕೆಳಗಿಟ್ಟ. "ನಾ ನನ್ನ ಕಾಲ ಮ್ಯಾಲ ನಡದ ಅವರ ಹೊಸ್ತಲಾ ದಾಟಾಂವ. ಯಾವನೂ ನನ್ನ ರಟ್ಟಿ ಹಿಡಿಯಂಗಿಲ್ಲ! ಅಜ್ಜನ ರಟ್ಟಿ ಹಿಡದು ಒಳಗ ತಂದ್ರು ಅಂದ್ರ, ಮನಿತನಾನ ಅಳ್ಳಾಡತೈತಿ ಅಂತಾರ ಮಂದಿ. ನನ್ನ ಬಡಿಗಿ ಒಂದಿದ್ರ ಸಾಕು," ಎಂದು ಊರುಗೋಲು ತೋರಿಸಿದ.

ಕೂಡಿದವರೆಲ್ಲ ಸುಮ್ಮನಾದರು. ಶಿದ್ರಾಮನ ಬೆರಳುಗಳು ಮಾತ್ರ ಸುಮ್ಮನಾಗಲಿಲ್ಲ.

"ತಂತಿ ಯಾಕ್ರಿ ಮಾವಾರ? ನಾ ಇದ್ದೇನಲ್ರಿ! ಹೊಸಾದಕ್ಕಿಂತ ಹೊಸಾದು ಮಾಡಿ ಕೊಡತೇನಿ."

"ಹೊಸಾದು ಬ್ಯಾಡ್ರಿ. ನನಗ ಹಳೇದ ಬೇಕು."

"ಚಿಂತಿ ಬಿಡ್ರಿ. ನನ್ನ ಕೈಯಾಗ ಕೊಟ್ಟೀರಂದ್ರ ಮುಗೀತು."

"ಅದ ಚಿಂತಿ," ಎಂದಳು ಸುವರ್ಣಾ ಒಳಗಿನಿಂದ. ಆದರೆ ಮಾಲಿಂಗ ಆಗಲೇ ತಂದೆಯನ್ನು ಜೀಪಿಗೆ ಹತ್ತಿಸುತ್ತಿದ್ದ.

ಮರುದಿನ ಶಿದ್ರಾಮ ರಜೆ ಹಾಕಿ, ಕೋಲನ್ನು ಪಡಸಾಲೆಯ ನಡುವೆ ಮಲಗಿಸಿ, ವೈದ್ಯನ ಗಾಂಭೀರ್ಯದಿಂದ ಪರೀಕ್ಷಿಸಿದ. ಅಂಟು ಹಾಕಿ ತಂತಿ ಸುತ್ತಿದ್ದರೆ ಅಡಿಕೆ ಹೋಳು ಬಾಯಲ್ಲಿ ನುರಿಯುವಷ್ಟರಲ್ಲಿ ಮುಗಿಯುತ್ತಿದ್ದ ಕೆಲಸ. ಆದರೆ ಆಳವಾಗಿ ನೋಡುವವನ ಕಣ್ಣಿಗೆ ಸೀಳು ಬರಿಯ ಲಕ್ಷಣ, ರೋಗ ಬೇರೆಯೇ!

"ಸುವರ್ಣಾ, ಇಲ್ಲಿ ನೋಡು. ಬಡಿಗಿ ಡೊಂಕ ಐತಿ!"

"ಗಿಡ ಡೊಂಕ ಬೆಳದೈತಿ. ಅಪ್ಪ ಹಂಗ ಕೆತ್ತ್ಯಾನ."

"ಅದ ತಪ್ಪು. ಡೊಂಕ ಇದ್ದದ್ದಕ್ಕ ಸೀಳೈತಿ. ಮೊದಲ ನೆಟ್ಟಗ ಮಾಡಬೇಕು."

"ನಾಯಿ ಬಾಲಾನೂ ಹಿಂಗ ಯಾವನೋ ನೆಟ್ಟಗ ಮಾಡಾಕ ನೋಡಿದ್ದ," ಎಂದು ಸುವರ್ಣಾ ಪೆಡಲು ತುಳಿದಳು.

ಗಡ್ಡದವನ ಪ್ರಕಾರ ಕಟ್ಟಿಗೆಗೆ ಹಬೆ ಕೊಟ್ಟರೆ ಅದು ಮೇಣದಂತೆ ಮಾತು ಕೇಳುತ್ತದೆ. ಮನೆಯಲ್ಲಿ ಆ ಹೊತ್ತಿಗೆ ಇದ್ದ ಹಬೆ ಎಂದರೆ ಅನ್ನದ ಬೋಗುಣಿಯದು. ಶಿದ್ರಾಮ ಕೋಲನ್ನು ಅದರ ಮೇಲೆ ಹಿಡಿದು, ಹೋಮಕ್ಕೆ ತುಪ್ಪ ಹೊಯ್ಯುವವನ ಭಕ್ತಿಯಿಂದ ಹಿಂದೆ ಮುಂದೆ ಆಡಿಸಿದ. ಕುರಿಯ ಉಣ್ಣೆ, ತಂಬಾಕು, ಎಷ್ಟೋ ಬೇಸಿಗೆಗಳ ಬೆವರು ಎಲ್ಲವೂ ಹದವಾಗಿ ಕರಗಿ ಬೋಗುಣಿಗೆ ಇಳಿದವು.

ಮಧ್ಯಾಹ್ನ ಮೊದಲ ತುತ್ತು ಬಾಯಿಗಿಟ್ಟ ಸುವರ್ಣಾ ಬಹಳ ಹೊತ್ತು ಅಗಿದಳು.

"ಏನ್ರಿ, ಇವತ್ತ ಅನ್ನದಾಗ ನಮ್ಮಪ್ಪನ ಕೈ ರುಚಿ ಬಂದೈತಲ್ಲ!"

ಊಟವಾದ ಮೇಲೆ ಶಿದ್ರಾಮ ಹಬೆ ಕುಡಿದ ಕೋಲನ್ನು ಕಿಟಕಿಯ ಎರಡು ಸರಳುಗಳ ನಡುವೆ ಸಿಕ್ಕಿಸಿ, ಗೋಡೆಗೆ ಕಾಲು ಕೊಟ್ಟು, ಇಷ್ಟದೈವವನ್ನು ನೆನೆದು ಎಳೆದ. ಕಟ್ಟಿಗೆ ಬಾಗಿತು. ಇನ್ನೂ ಎಳೆದ. ಇನ್ನೂ ಬಾಗಿತು. ಗಡ್ಡದವನು ಸುಳ್ಳಾಡಿರಲಿಲ್ಲ! ಆ ಆನಂದದಲ್ಲಿ ಇನ್ನೊಂದಿಷ್ಟು ಎಳೆದ.

ಫಟ್!

ಟಗರಿನ ತಲೆ ಶಿದ್ರಾಮನ ಕೈಯಲ್ಲಿ ಉಳಿಯಿತು. ಕುರಿಗಳೆಲ್ಲ ಕಿಟಕಿಯಿಂದ ಹಾರಿ ಓಣಿಗೆ ಬಿದ್ದವು.

ಹೊಲಿಗೆ ಯಂತ್ರದ ಸದ್ದು ನಿಂತಿತು.

"ಸೀಳು ಹೋತೇನ್ರಿ?" ಎಂದು ಸುವರ್ಣಾ ಕೇಳಿದಳು.

"ಹೋತು," ಎಂದ ಶಿದ್ರಾಮ. ಅದರಲ್ಲಿ ಸುಳ್ಳಿರಲಿಲ್ಲ.

ಇಂಥ ಸಂಕಟದಲ್ಲಿ ಗೋಕಾಕದ ಮನುಷ್ಯನಿಗೆ ನೆನಪಾಗಬೇಕಾದದ್ದು ಬಡಿಗನ ಮನೆ. ಶಿದ್ರಾಮನಿಗೆ ನೆನಪಾದದ್ದು ರಮಜಾನಸಾಬರ ಅಂಗಡಿ. ಬಡಿಗನ ಹತ್ತಿರ ಹೋದರೆ ಕೆಲಸ ಹೊಸ್ತಿಲು ದಾಟಿದ ಹಾಗಾಗುತ್ತಿತ್ತು, ಪ್ರತಿಜ್ಞೆಗೆ ಭಂಗ! ರಮಜಾನಸಾಬರದಾದರೆ ರಿಪೇರಿಯದಲ್ಲ, ಎತ್ತಿನ ಅಲಂಕಾರದ ಅಂಗಡಿ; ಸಾಮಾನು ಅವರದು, ಕೈ ತನ್ನದೇ. ಗೆಜ್ಜೆಸರ, ಗಂಟೆ, ಕೋಡಿಗೆ ಹಾಕುವ ಹಿತ್ತಾಳೆಯ ಕಟ್ಟು, ಬಣ್ಣದ ಗೊಂಡೆ. ಟ್ರ್ಯಾಕ್ಟರು ಬಂದು ಎತ್ತುಗಳು ಕಡಿಮೆಯಾದ ಮೇಲೆ ಗಿರಾಕಿಗಳಿಗಾಗಿ ಹಸಿದು ಕೂತಿದ್ದ ಮನುಷ್ಯ. ಎರಡು ತುಂಡು ಕೋಲು ಹಿಡಿದು ಬಂದ ಶಿದ್ರಾಮನನ್ನು ಕಂಡು ಅವರ ಮುಖ ಎತ್ತು ಸಿಂಗರಿಸುವ ಕಾರಹುಣ್ಣಿಮೆಯಾಯಿತು.

"ಅರೆ ಶಿದ್ರಾಮಣ್ಣಾರ, ಇದಕ್ಯಾಕ ಮಾರಿ ಸಣ್ಣದು ಮಾಡ್ತೀರಿ! ಎರಡೂ ತುಂಡು ಕೂಡಿಸಿ ಮ್ಯಾಲ ಒಂದು ಹಿತ್ತಾಳಿ ಕಟ್ಟು ಹಾಕ್ರಿ. ಮುರದದ್ದು ಮುರದವನಿಗೂ ಗೊತ್ತಾಗಂಗಿಲ್ಲ."

ಕಟ್ಟು ಹಾಕಿ, ಅಂಟು ಹೊಯ್ದು, ಮೊಳೆ ಬಡಿದದ್ದಾಯಿತು. ನಿಜಕ್ಕೂ ಗಟ್ಟಿಯಾಯಿತು. ಅಲ್ಲಿಗೇ ಶಿದ್ರಾಮ ಮನೆಗೆ ನಡೆದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ಕೋಲನ್ನು ದೂರ ಹಿಡಿದು ನೋಡಿದ.

"ಒಂದ ಕಟ್ಟು ಯಾಕೋ ಗಾಯಕ್ಕ ಪಟ್ಟಿ ಕಟ್ಟಿದಂಗ ಕಾಣತೈತ್ರಿ."

"ಕಾಣದ ಏನ್ರಿ? ಒಂದ ಬಳಿ ಹಾಕಿದ್ರ ಉಳದ ಕೈ ಬರಿ ಕಾಣತೈತಿ. ನಡುವ ಒಂದು, ತುದಿಗೊಂದು ಹಾಕ್ರಿ. ಜೋಡ ಆಗತೈತಿ."

ನಡುವಿನ ಕಟ್ಟಿನ ಕೆಳಗೆ, ಹಿಂದಕ್ಕೆ ತಿರುಗಿ ನೋಡುತ್ತಿದ್ದ ಮರಿ ಮುಚ್ಚಿಹೋಯಿತು. ಹಿತ್ತಾಳೆ ಹೊಳೆಯತೊಡಗಿದ ಮೇಲೆ ಕಟ್ಟಿಗೆ ಮಂಕಾಗಿ ಕಂಡಿತು. ರಮಜಾನಸಾಬರು ಬೊಂಬೆಗೆ ಬಳಿಯುವ ಬಣ್ಣದ ಡಬ್ಬಿ ತೆಗೆದರು. ಶಿದ್ರಾಮ ಹಳದಿ ಆರಿಸಿದ. ಅವನ ಕಣ್ಣಿಗೆ ಚಿಕ್ಕಂದಿನಿಂದ ಚಂದವೆಂದರೆ ಹಳದಿಯೇ. ಹಳದಿಗೆ ಅಂಚು ಬೇಡವೇ? ಕೆಂಪು. ಹಿಂದಿನಿಂದ ಬರುವ ಮೋಟರ್ ಸೈಕಲಿನವರಿಗೆ ಮುದುಕರು ಹೊರಟಿದ್ದು ತಿಳಿಯಬೇಡವೇ? ಟಗರಿನ ಕೊರಳಿಗೆ ಸಣ್ಣ ಗಂಟೆಗಳ ಸರ. ಗಂಟೆಯ ದಾರ ಕಾಣದಿರಲೆಂದು ಅದರ ಮೇಲೊಂದು ಕರಿ ಉಣ್ಣೆಯ ಗೊಂಡೆ. ಎಷ್ಟಾದರೂ ಕುರುಬರ ಕೋಲಲ್ಲವೇ!

"ಎಲ್ಲಾ ಬರೋಬ್ಬರಿ ಆತು," ಎಂದರು ರಮಜಾನಸಾಬರು ಟಗರಿನ ಮುಖ ತಿರುವಿ ನೋಡುತ್ತ. "ಆದರ ಬಡವಂಗ ಕಣ್ಣಿಲ್ಲ ನೋಡ್ರಿ."

ಪಕ್ಕದ ಬೆಳ್ಳಿ ಅಂಗಡಿಯ ಗಾಜಿನ ತಟ್ಟೆಯಲ್ಲಿ ಬೆಳ್ಳಿಯ ಕಣ್ಣುಗಳಿದ್ದವು. ಅದೇ ತಟ್ಟೆಯಲ್ಲಿ ಬೆಳ್ಳಿಯ ಮೀಸೆ, ಬೆಳ್ಳಿಯ ಪಾದ, ಬೊಟ್ಟಿನಷ್ಟು ಬೆಳ್ಳಿಯ ತೊಟ್ಟಿಲುಗಳೂ ಇದ್ದವು. ಇವನ್ನೆಲ್ಲ ಕೊಳ್ಳುವ ಗಿರಾಕಿಗಳು ಯಾರು, ಕೊಂಡು ಯಾರಿಗೆ ಒಪ್ಪಿಸುತ್ತಾರೆ ಎಂದು ಶಿದ್ರಾಮ ಒಂದು ಗಳಿಗೆ ಯೋಚಿಸಬಹುದಿತ್ತು. ಅವನು ದೊಡ್ಡವು ಬೇಕೋ ಸಣ್ಣವು ಬೇಕೋ ಎಂದು ಯೋಚಿಸುತ್ತಿದ್ದ.

ದೊಡ್ಡವನ್ನೇ ತಂದ.

ಮನೆಯಲ್ಲಿ ಕೋಲನ್ನು ಮೂಲೆಗೆ ನಿಲ್ಲಿಸಿ ಹೆಂಡತಿಯನ್ನು ಕರೆದ. ಸುವರ್ಣಾ ಹಿತ್ತಲಿನಿಂದ ಬಂದವಳು ಬಾಗಿಲಲ್ಲೇ ನಿಂತಳು. ತನಗೇ ಗೊತ್ತಿಲ್ಲದೆ ಕಾಲಿನ ಚಪ್ಪಲಿ ಹೊರಗೆ ಬಿಟ್ಟು, ಸೆರಗು ಸರಿಮಾಡಿಕೊಂಡು ಒಳಗೆ ಬಂದಳು. ಆಮೇಲೆ ಯಾಕೆ ಹಾಗೆ ಮಾಡಿದೆ ಎಂದು ತನ್ನ ಕಾಲನ್ನೇ ನೋಡಿಕೊಂಡಳು.

"ಇದರಾಗ ನಮ್ಮಪ್ಪನ ಬಡಿಗಿ ಎಲ್ಲೈತ್ರಿ?"

"ಒಳಗ ಐತಿ!"

"ಒಳಗ ಸುಖವಾಗಿ ಇರಲಿ," ಎಂದು ಅವಳು ಶುಕ್ರವಾರವೇ ಮೂಡಲಗಿಗೆ ಹೊರಟುಬಿಟ್ಟಳು. ಸುಮನ್‌ಳ ಜಂಪರುಗಳನ್ನು ಮುಟ್ಟಿಸುವುದಿತ್ತು. "ನೀವು ನಾಳಿಗೆ ಅದನ್ನ ತಗೊಂಡು ಬರ್ರಿ. ಬರೂ ತನಕ ಮತ್ತೇನೂ ಹಚ್ಚಬ್ಯಾಡ್ರಿ. ನನ್ನ ಆಣಿ ಐತಿ."

ಆಣೆಗೆ ಹೆದರಿ, ಹಿಡಿಕೆಯಲ್ಲಿ ಬ್ಯಾಟರಿ ಕೂಡಿಸುವ ಯೋಜನೆಯನ್ನು ಶಿದ್ರಾಮ ಕೈಬಿಟ್ಟ.

ಶನಿವಾರ ಮೂಡಲಗಿಯ ಬಸ್ಸು ಕಾಲಿಡಲು ಜಾಗವಿಲ್ಲದಂತೆ ತುಂಬಿತ್ತು. ಶಿದ್ರಾಮ ಕೋಲನ್ನು ಎದೆಗೆ ಅವಚಿ ಹತ್ತಿದ. ಗಂಟೆಗಳು ಘಲ್ಲೆಂದವು. ಬಸ್ಸಿನ ತಲೆಗಳೆಲ್ಲ ಒಮ್ಮೆಲೇ ತಿರುಗಿದವು. ಮುಂದಿನ ಸೀಟಿನಲ್ಲಿ ಹಣೆ ತುಂಬ ಭಂಡಾರದ ಅರಿಸಿನ ಹಚ್ಚಿಕೊಂಡು ಕೂತಿದ್ದ ಒಬ್ಬ ಮುದುಕಿ ಬೆಳ್ಳಿಯ ಕಣ್ಣುಗಳನ್ನು ನೋಡಿದಳು; ಹಳದಿ ಮೈ ನೋಡಿದಳು; ಕರಿ ಉಣ್ಣೆಯ ಗೊಂಡೆ ನೋಡಿದಳು. ಎರಡೂ ಕೈ ಜೋಡಿಸಿ ಎದ್ದು ನಿಂತಳು.

"ಬೀರಪ್ಪನ ಬೆತ್ತ ಬಂದೈತಿ! ದಾರಿ ಬಿಡ್ರಿ! ಕುಂದ್ರಸ್ರಿ ದೇವರನ್ನ!"

ಆ ಭಾಗದಲ್ಲಿ ಕುರುಬರ ದೇವರಾದ ಬೀರಪ್ಪನ ಬೆತ್ತ ಊರಿಂದೂರಿಗೆ ಪೂಜಾರಿಯ ಕೈಯಲ್ಲಿ ಹೋಗುವುದು ಹೊಸದೇನಲ್ಲ. ಅದನ್ನು ಕಂಡವರು ಏಳುತ್ತಾರೆ, ಭಂಡಾರ ಎರಚುತ್ತಾರೆ, ನೆಲಕ್ಕೆ ಸೋಕಗೊಡುವುದಿಲ್ಲ. ಆ ಬೆತ್ತ ಹೇಗಿರುತ್ತದೆ ಎಂದು ಶಿದ್ರಾಮ ಹುಟ್ಟಿದಂದಿನಿಂದ ನೋಡುತ್ತ ಬಂದಿದ್ದ. ಅದಕ್ಕೇ ಅವನ ಕಣ್ಣಿಗೆ ಚಂದವೆಂದರೆ ಅದೊಂದೇ ತೋಚಿದ್ದು! ತಾನು ಏನು ಮಾಡಿಟ್ಟಿದ್ದೇನೆಂದು ಅವನಿಗೆ ಅರಿವಾದದ್ದು ಈಗ, ಕಂಡಕ್ಟರು ಟೋಪಿ ತೆಗೆದಾಗ.

ಇದು ನಮ್ಮ ಮಾವನ ಊರುಗೋಲು ಎಂದು ಒಂದು ಮಾತು ಹೇಳಬೇಕಿತ್ತು. ಅವನು ಬಾಯಿಯನ್ನೂ ತೆರೆದ. ಅಷ್ಟರಲ್ಲಿ ಯಾರೋ ಇಬ್ಬರು ಎದ್ದು ಕಿಟಕಿಯ ಪಕ್ಕದ ಸೀಟು ಕೊಟ್ಟರು. ಮೂಡಲಗಿಯ ಬಸ್ಸಿನಲ್ಲಿ, ಶನಿವಾರ, ಕಿಟಕಿಯ ಪಕ್ಕ! ಶಿದ್ರಾಮನ ಜೀವಮಾನದಲ್ಲಿ ಮೊದಲ ಸಲ. ಹೊರಗಿನಿಂದ ಕಬ್ಬಿನ ಗದ್ದೆಗಳ ತಂಪು ಗಾಳಿ ಬೀಸುತ್ತಿತ್ತು. ತೆರೆದ ಬಾಯಿಯನ್ನು ಅವನು ಮೆಲ್ಲಗೆ ಮುಚ್ಚಿಕೊಂಡ.

"ದೇವರು ಯಾರ ಮನಿಗೆ ಹೊಂಟೈತ್ರಿ?" ಎಂದು ಮುದುಕಿ ಕೇಳಿದಳು.

"ಮೂಡಲಗಿ ಬೀರಸಿದ್ದಪ್ಪನೋರ ಮನಿಗ್ರಿ."

"ಅಯ್ಯ ನನ ಶಿವನ! ನಮ್ಮ ಬಾಜೂ ಮನಿ! ನಾ ರಾಮವ್ವ ಅಂತ," ಎಂದವಳೇ ಸೊಂಟದ ಚೀಲದಿಂದ ಭಂಡಾರ ತೆಗೆದು ಕೋಲಿನ ಮೇಲೆ ಧಾರಾಳವಾಗಿ ಎರಚಿದಳು. ಅರ್ಧ ಶಿದ್ರಾಮನ ತಲೆಯ ಮೇಲೆ ಬಿತ್ತು. ಇನ್ನೊಂದು ಕೈಯಲ್ಲಿ ಮೊಬೈಲು ತೆಗೆದು ಊರಿಗೆ ಸುದ್ದಿ ಮುಟ್ಟಿಸಿದಳು. ಬಸ್ಸು ಅರಭಾವಿ ದಾಟುವಷ್ಟರಲ್ಲಿ ಮೂಡಲಗಿಯಲ್ಲಿ ಡೊಳ್ಳನ್ನು ಬಿಸಿಲಿಗೆ ಕಾಯಿಸುತ್ತಿದ್ದರು.

ಬೀರಸಿದ್ದಪ್ಪ ಅಂಗಳದಲ್ಲಿ ಹಗ್ಗದ ಹೊರಸಿನ ಮೇಲೆ ಕೂತು ತನ್ನ ಕೋಲಿನ ದಾರಿ ಕಾಯುತ್ತಿದ್ದ. ಕೋಲಿಲ್ಲದ ಆ ವಾರ ಅವನು ಹೊರಸಿನಿಂದ ಬಚ್ಚಲಿಗೆ ಗೋಡೆ ಹಿಡಿದು, ಬಚ್ಚಲಿನಿಂದ ಹೊರಸಿಗೆ ಬೈಗುಳ ಹಿಡಿದು ಓಡಾಡಿದ್ದ. ಓಣಿಯ ತುದಿಯಲ್ಲಿ ಡೊಳ್ಳಿನ ಸದ್ದು ಕೇಳಿಸಿತು.

"ಯಾರ ಮನಿಗೆ ಬಂತವ್ವಾ ದೇವರು?"

ಸುವರ್ಣಾ ಕಟ್ಟೆಯ ಮೇಲಿನಿಂದ ಇಣುಕಿ ನೋಡಿ, ಬಾಯಿಗೆ ಸೆರಗು ಒತ್ತಿಕೊಂಡಳು. "ನಮ್ಮ ಮನಿಗೇ ಯಪ್ಪಾ. ಹೊತ್ತವರು ನಿನ್ನ ಅಳ್ಯಾರು."

ತಲೆಯಿಂದ ಪಾದದವರೆಗೆ ಹಳದಿಯಾಗಿ ಶಿದ್ರಾಮ ಒಳಗೆ ಬಂದ. ಅವನ ಕಾಲಿಗೆ ಇಬ್ಬರು ಹೆಂಗಸರು ನೀರು ಹಾಕಿದರು. ತೆಂಗಿನಕಾಯಿ ಒಡೆಯಿತು. ಬೀರಸಿದ್ದಪ್ಪ ಅಭ್ಯಾಸಬಲದಿಂದ ಕೈ ಜೋಡಿಸಿ ಎತ್ತಿದವನು, ಟಗರಿನ ಮೂಗಿನ ಮೇಲಿನ ಗೀರು ಕಣ್ಣಿಗೆ ಬಿದ್ದು, ಅರ್ಧಕ್ಕೇ ಇಳಿಸಿದ.

"ಅಳ್ಯಾರ, ಇದು ನನ್ನ ಬಡಿಗಿ ಅಲ್ಲೇನ್ರಿ?"

"ಹೌದ್ರಿ ಮಾವಾರ."

ಮುದುಕ ಅದನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದ.

"ತಂತಿ ಎಲ್ಲೈತಿ?"

ಶಿದ್ರಾಮ ತಲೆಯ ಮೇಲಿನ ಭಂಡಾರ ಕೊಡವಿಕೊಂಡ. ಬೀರಸಿದ್ದಪ್ಪ ಕೈ ಚಾಚಿ ಕೋಲು ತೆಗೆದುಕೊಂಡ. ಏಳಲೆಂದು ಅದನ್ನು ಅಂಗಳಕ್ಕೆ ಊರಹೋದ. "ಅಯ್ಯಯ್ಯ!" ಎಂದು ಇಡೀ ಓಣಿ ಒಂದೇ ದನಿಯಲ್ಲಿ ಕೂಗಿತು.

"ಬೀರಸಿದ್ದಪ್ಪಣ್ಣಾ, ಏನ ಮಾಡಾಕತ್ತಿ?" ಎಂದು ರಾಮವ್ವ ಮುಂದೆ ಬಂದಳು. "ದೇವರನ್ನ ಸಗಣಿ ನೆಲಕ್ಕ ಊರತಾರೇನ?"

"ದೇವರಲ್ಲವ್ವಾ, ಇದು ನನ್ನ ಬಡಿಗಿ! ನಾನ ಕೆತ್ತೇನಿ. ಮೊನ್ನಿ ತನಾ ಇದರಲೆ ನಾಯಿ ಹೊಡದೇನಿ."

"ಮೊನ್ನಿ ಬಡಿಗಿ ಇತ್ತು. ಇವತ್ತ ಭಂಡಾರ ಬಿದ್ದೈತಿ."

ಬೀರಸಿದ್ದಪ್ಪ ಕೋಲನ್ನು ಹಾಗೇ ಗಾಳಿಯಲ್ಲಿ ಎತ್ತಿ ಹಿಡಿದ. ಭಂಡಾರ ಬಿದ್ದ ಕಡೆ ಕಾಲಿಡಬಾರದು ಎಂದು ಆ ಅಂಗಳದಲ್ಲಿ ಆಡಿದ ಎಲ್ಲ ಮಕ್ಕಳ ಕಿವಿ ಹಿಂಡಿ ಕಲಿಸಿದವನು ಅವನೇ. ಕಾಯಿದೆ ಅವನದೇ ಆಗಿತ್ತು. ಈಗ ಅದಕ್ಕೆ ಅವನೇ ಸಿಕ್ಕಿಬಿದ್ದಿದ್ದ.

ಶಿದ್ರಾಮ ಧೈರ್ಯ ಮಾಡಿದ. "ನೋಡ್ರಿ ರಾಮವ್ವಾರ, ಇದೆಲ್ಲಾ ನಾ ಹಚ್ಚಿದ್ದರಿ. ಬಣ್ಣ ನಂದು. ಗಂಟಿ ಗೋಕಾಕದ ರಮಜಾನಸಾಬರ ಅಂಗಡೀದು."

"ದೇವರು ತನಗ ಬೇಕಾದ್ದನ್ನ ಯಾರ ಕೈಲೆರ ಮಾಡಿಸ್ಕೊಂತೈತೋ ತಮ್ಮಾ," ಎಂದಳು ರಾಮವ್ವ. ಆಮೇಲೆ ಅವನನ್ನು ಒಮ್ಮೆ ನಖಶಿಖಾಂತ ನೋಡಿ ಹೇಳಿದಳು: "ನಿನ್ನಂಥವನ ಕೈಲೆ ಮಾಡಿಸ್ಕೊಂಡೈತಿ ಅಂದ್ರ ಮಹಿಮಾ ಎಷ್ಟರೆ ಇದ್ದೀತು ನೋಡು!"

ಇದಕ್ಕೆ ಎದುರಾಡುವವರು ಯಾರೂ ಇರಲಿಲ್ಲ. ಸುವರ್ಣಾಳಂತೂ ಮೊದಲೇ ತಲೆ ಆಡಿಸಿಬಿಟ್ಟಳು.

ಮಾಲಿಂಗ ದೇವರ ಜಗಲಿ ತೆರವು ಮಾಡಿದ. ಊರುಗೋಲು ಅಲ್ಲಿ ಆಸೀನವಾಯಿತು. ಮಂಗಳಾರತಿಯ ಬೆಳಕು ಬೆಳ್ಳಿಯ ಕಣ್ಣುಗಳಲ್ಲಿ ಆಡಿತು. ಹೊರಸಿನ ಮೇಲೆ ಕೂತೇ ಬೀರಸಿದ್ದಪ್ಪ ತನ್ನ ಟಗರನ್ನು ದೂರದಿಂದ ನೋಡಿದ. ಹಿತ್ತಾಳೆಯ ಕಟ್ಟಿನ ಮೇಲೆ ಅವನ ಕಣ್ಣು ಬಹಳ ಹೊತ್ತು ನಿಂತಿತು.

"ನನ್ನ ಮರಿ ಇತ್ತು ಅಲ್ಲಿ," ಎಂದ, ಯಾರಿಗೂ ಅಲ್ಲದೆ.

ಶಿದ್ರಾಮನಿಗೆ ಮೊದಲ ಸಲ ಬೆರಳು ತುರಿಸಲಿಲ್ಲ.

ಬೆಳಗಾದರೆ ಹುಕ್ಕೇರಿ. ಮನೆಯವರೆಲ್ಲ ಕೋಲು ಹುಡುಕತೊಡಗಿದರು. ಸಲಿಕೆಯ ಕಾವು ತಂದರು. ಅದು ಬೀರಸಿದ್ದಪ್ಪನಿಗಿಂತ ಎತ್ತರವಿತ್ತು. ಯಾರದೋ ಮನೆಯ ದವಾಖಾನೆ ಕೋಲು ತಂದರು. ಅದಕ್ಕೆ ನಾಲ್ಕು ಕಾಲು. "ಬಡಿಗಿ ಕೇಳಿದ್ರ ಸ್ಟೂಲ್ ತಂದೀರಲ್ಲ!" ಎಂದು ಎಸೆದ. ಛತ್ರಿ ಕೊಟ್ಟರು. ಭಾರ ಬಿಟ್ಟಿದ್ದೇ ತಡ, ಅದು ಭಡಕ್ಕನೆ ಬಿಚ್ಚಿಕೊಂಡು ಮುದುಕನನ್ನೂ ಹೊರಸನ್ನೂ ಒಟ್ಟಿಗೆ ನುಂಗಿತು.

"ಆಯಿತಾರ ಬ್ಯಾಡ, ಮುಂದಿನ ವಾರಕ್ಕ ಹಾಕೋಣು," ಎಂದ ಮಾಲಿಂಗ ಸೋತ ದನಿಯಲ್ಲಿ. ಬಾಗಿಲ ಮರೆಯಲ್ಲಿದ್ದ ಸುಮನ್‌ಳ ಬಳೆ ಸದ್ದಾಯಿತು. ಅದು ಬೀರಸಿದ್ದಪ್ಪನಿಗೂ ಕೇಳಿಸಿತು.

ಆಗ ಅವನ ಕಣ್ಣು, ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ ಅಳಿಯನ ಮೇಲೆ ಬಿತ್ತು. ಮೇಲಿಂದ ಕೆಳಗೆ ಅಳೆಯಿತು. ಸಂತೆಯಲ್ಲಿ ಕುರಿ ನೋಡುವ ಕಣ್ಣು ಅದು.

"ಶಿದ್ರಾಮ, ಇಲ್ಲೆ ಬಾ."

'ಅಳ್ಯಾರ' ಹೋಗಿತ್ತು. 'ರಿ' ಹೋಗಿತ್ತು. ಶಿದ್ರಾಮ ಬಂದು ನಿಂತ. ಬೀರಸಿದ್ದಪ್ಪ ಅವನ ಎಡ ಹೆಗಲ ಮೇಲೆ ಅಂಗೈ ಇಟ್ಟು ಒತ್ತಿ ನೋಡಿದ.

"ಸ್ವಲ್ಪ ಬಗ್ಗು. ಇನ್ನ ಸ್ವಲ್ಪ. ಹಾಂ, ಅಲ್ಲೆ ನಿಲ್ಲು."

"ಯಪ್ಪಾ, ಯಾರನ್ನೂ ಹಿಡಿಯಂಗಿಲ್ಲ ಅಂದಿದ್ದಿಯಲ್ಲ?" ಎಂದಳು ಸುವರ್ಣಾ.

"ಮನಶಾನ್ನ ಹಿಡಿಯಂಗಿಲ್ಲ. ಇಂವ ಬಡಿಗಿ. ಬಡಿಗಿ ಮುರದಾಂವ ಬಡಿಗಿ ಆಗಬೇಕು." ಆಮೇಲೆ ಅಳಿಯನತ್ತ ತಿರುಗಿದ. "ನೋಡಪಾ, ಬಡಿಗಿ ಮುಂದ ಹೋಗಂಗಿಲ್ಲ, ಹಿಂದ ಉಳಿಯಂಗಿಲ್ಲ. ಕುಂದ್ರಂಗಿಲ್ಲ. ಮುಖ್ಯ, ಅದಕ್ಕ ಬಾಯಿ ಇರಂಗಿಲ್ಲ. ಗೊತ್ತಾತಿಲ್ಲೋ?"

"ಗೊತ್ತಾತ್ರಿ..."

"ಬಾಯಿ ಇರಂಗಿಲ್ಲ ಅಂದೆ."

ಶಿದ್ರಾಮ ತಲೆ ಮಾತ್ರ ಆಡಿಸಿದ.

ಹುಕ್ಕೇರಿಯ ಆ ಮನೆಯ ಮುಂದೆ ಜೀಪು ನಿಂತಾಗ ಬೀಗರಾಗುವವರೆಲ್ಲ ಕಟ್ಟೆಯ ಮೇಲಿದ್ದರು. ಬೀರಸಿದ್ದಪ್ಪ ಹಳದಿ ರುಮಾಲು ಸುತ್ತಿ, ಬೆನ್ನು ನೆಟ್ಟಗೆ ಮಾಡಿ, ಬಲಗೈ ಬೀಸುತ್ತ, ಎಡಗೈಯನ್ನು ಅಳಿಯನ ಹೆಗಲ ಮೇಲೆ ಊರಿ, ಸಾವಕಾಶ ನಡೆದ. ಯಾರೂ ಅವನ ರಟ್ಟೆ ಹಿಡಿದಿರಲಿಲ್ಲ. ಹೊಸ್ತಿಲು ದಾಟಿದ. ಶಿದ್ರಾಮ ಅರ್ಧ ಬಗ್ಗಿಕೊಂಡೇ ದಾಟಿದ.

ಬೀರಸಿದ್ದಪ್ಪ ಗಾದಿಯ ಮೇಲೆ ಕೂತು, ಎಲ್ಲರೂ ಊರುಗೋಲನ್ನು ಮಾಡುವ ಹಾಗೆ, ಅಳಿಯನನ್ನು ಬಾಗಿಲ ಪಕ್ಕದ ಗೋಡೆಗೆ ಒರಗಿಸಿದ. ಶಿದ್ರಾಮ ಒರಗಿದ. ಚುರುಮುರಿಯ ತಾಟು ಬಂತು, ಅವನ ಮೂಗಿನ ಕೆಳಗೇ ಹಾದುಹೋಯಿತು. ಚಹಾ ಬಂತು, ಹೋಯಿತು. ಕೋಲಿಗೆ ಯಾರು ಚಹಾ ಕೊಡುತ್ತಾರೆ? ಮಾತುಕತೆ ಮಾತ್ರ ಎಣ್ಣೆ ಹಚ್ಚಿದ ಗಾಲಿಯಂತೆ ಸಾಗಿತ್ತು. ವರನ ಅಜ್ಜ ರಾಜಪ್ಪ ಬೀರಸಿದ್ದಪ್ಪನ ವಾರಿಗೆಯವನು. ಮದುವೆ ಯಾರ ಬಾಗಿಲಿಗೆ ಎಂಬಲ್ಲಿಗೆ ಬಂದು, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

ಕುರ್ಚಿಯ ಒಂದು ಕಾಲು ಕಿರ್ರೆಂದಿತು.

ಶಿದ್ರಾಮ ತುಟಿ ಕಚ್ಚಿದ. ಕುರ್ಚಿ ಮತ್ತೆ ಕಿರ್ರೆಂದಿತು. ಅವನು ಕಣ್ಣು ಮುಚ್ಚಿದ. ರಾಜಪ್ಪ ನಕ್ಕ, ನಕ್ಕಾಗಲೆಲ್ಲ ಕಿರ್, ಕಿರ್, ಕಿರ್! ಬೆರಳುಗಳಲ್ಲಿ ಹಳೆಯ ತುರಿಕೆ ಹುಟ್ಟಿ, ಮುಂಗೈ ಏರಿ, ಭುಜ ದಾಟಿ, ಗಂಟಲಿಗೆ ಬಂದು ನಿಂತಿತು.

"ಅಜ್ಜಾರ, ಆ ಕುರ್ಚಿಗೆ ಸ್ವಲ್ಪ ಹಬಿ ಕೊಟ್ರ..."

ಬೀರಸಿದ್ದಪ್ಪನ ರುಮಾಲು ನಡುಗಿತು. ಗೋಡೆಗೊರಗಿದ್ದವನ ಕಡೆಗೆ ರಾಜಪ್ಪ ಮೊದಲ ಸಲ ತಿರುಗಿ ನೋಡಿದ.

"ಇವರು ಯಾರ್ರಿ ಬೀಗರ?"

ಬಾಗಿಲ ಮರೆಯಲ್ಲಿ ಸುವರ್ಣಾ ಮತ್ತು ಆ ಮನೆಯ ಹೆಂಗಸರು ಕತ್ತು ಚಾಚಿದರು. ಬೀರಸಿದ್ದಪ್ಪ ಮೊಣಕಾಲು ನೀವಿಕೊಂಡ. ಮುರಿದ ಟಗರು, ಮುಚ್ಚಿಹೋದ ಮರಿ, ಜಗಲಿ ಏರಿದ ದೇವರು ಎಲ್ಲವನ್ನೂ ಒಂದೊಂದಾಗಿ ಬಿಡಿಸಿ ಹೇಳುತ್ತ ಹೋದರೆ ಮದುವೆ ಮುಂದಿನ ವರ್ಷಕ್ಕೆ ಹೋದೀತು.

"ಬಡಿಗಿ," ಎಂದ.

ರಾಜಪ್ಪ ಅಳಿಯನ ಬಗ್ಗಿದ ಹೆಗಲನ್ನು ನೋಡಿದ. ಬೀಗನ ಮೊಣಕಾಲನ್ನು ನೋಡಿದ. ಅವನಿಗೂ ಮೊಣಕಾಲುಗಳಿದ್ದವು, ಅಳಿಯಂದಿರೂ ಇದ್ದರು. ಮೀಸೆಯೊಳಗೇ ನಗು ಹಿಡಿದು ಗಂಭೀರವಾಗಿ ಕೇಳಿದ:

"ಚಲೋ ಐತ್ರಿ. ಎಲ್ಲಿ ಮಾಡಿಸಿದ್ರಿ?"

"ಗೋಕಾಕದ್ದು. ಮಗಳ ಸಲುವಾಗಿ ತಂದಿದ್ವಿ. ಎತ್ತರ ಬರೋಬ್ಬರಿ ಐತಿ, ಗಟ್ಟಿನೂ ಐತಿ. ಒಂದ ಐಬು ನೋಡ್ರಿ, ಮಾತಾಡತೈತಿ."

ರಾಜಪ್ಪನ ಕುರ್ಚಿ ಹುಚ್ಚು ಹಿಡಿದ ಹಾಗೆ ಕಿರುಗುಟ್ಟಿತು. ನಗುವಿನ ನಡುವೆಯೇ ಯಾರೋ ಸಕ್ಕರೆಯ ತಾಟು ತಂದರು.

ಆಗ ಬಾಗಿಲ ಮರೆಯಿಂದ ಸುವರ್ಣಾಳ ದನಿ ತಣ್ಣಗೆ ಬಂತು:

"ಅದಕ್ಯಾಕ ಚಿಂತಿ ಯಪ್ಪಾ? ಒಂದು ತಂತಿ ಸುತ್ತಿದ್ರ ಸಾಕು."